ಲವೀನಿಯಾಳ ತವರು ಬಂಡಿ

ನಮ್ಮ ಪಕ್ಕದ ಮನೆಯ ಶರಣವ್ವನವರು ಯಾರನ್ನೇ ಕಂಡರೂ ಮೊದಲು ಕೇಳುವುದು, ತವರು ಯಾವುದು ಎಂದು. ಇಲ್ಲಿ ಅಮೆರಿಕದ ಸ್ಯಾನ್ ರಮೋನಿನಲ್ಲಿ ಅಂಚೆ ಹಂಚುವವಳನ್ನೂ ಬಿಟ್ಟಿಲ್ಲ. ಹುಬ್ಬಳ್ಳಿಯಲ್ಲಿ ಊರ ತುಂಬ ಗಂಡು-ಹೆಣ್ಣು ಕೂಡಿಸಿದ ಬಾಯಿ, ಸುಮ್ಮನಿರುವುದಿಲ್ಲ.

ಆದರೆ ಈಗ ಆ ಪ್ರಶ್ನೆ ಅವರ ಕೊರಳಿಗೇ ಸುತ್ತಿಕೊಂಡಿತ್ತು. ಹುಬ್ಬಳ್ಳಿಯ ಮನೆ ಖಾಲಿ ಮಾಡಿ ಗಂಡನ ಜೊತೆ ಮಗಳು ಮಾಧುರಿಯ ಮನೆಗೆ ಬಂದು ನೆಲೆಸಿದ್ದರು. ಮಾಧುರಿ ತುಂಬು ಗರ್ಭಿಣಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಬೀಗಿತ್ತಿ ನಾಗವ್ವ ಧಾರವಾಡದಿಂದ ಫೋನು ಮಾಡಿ ಹೆರಿಗೆ ಎಲ್ಲಿ ಎಂದು ಕೇಳಿದಾಗಲೆಲ್ಲ ಶರಣವ್ವ ನೆಟ್‌ವರ್ಕು ಸರಿಯಿಲ್ಲ ಎಂದು ಇಟ್ಟುಬಿಡುತ್ತಿದ್ದರು. ಅಳಿಯನ ಮನೆಯಲ್ಲಿ ಕೂತು ಮಗಳನ್ನು ಯಾವ ತವರಿಗೆ ಕರೆಯಲಿ ಎಂದು ನನ್ನ ಹೆಂಡತಿಯ ಎದುರು ಅತ್ತದ್ದೂ ಉಂಟು.

ನನ್ನ ಗೋಳು ಬೇರೆ. ನಿವೃತ್ತನಾದ ಮೇಲೆ ಊರಿನ ಪುಟ್ಟ ಮ್ಯೂಸಿಯಮ್ಮಿನಲ್ಲಿ ಪುಕ್ಕಟೆ ದುಡಿಯುತ್ತೇನೆ. ಅಲ್ಲೊಂದು ಹಳೆಯ ಎತ್ತಿನ ಬಂಡಿಯಿದೆ. ನೂರೆಪ್ಪತ್ತು ವರ್ಷದ ಹಿಂದೆ, ಜನ ಚಿನ್ನ ಅರಸಿ ಪಶ್ಚಿಮಕ್ಕೆ ನುಗ್ಗಿದ ಹುಚ್ಚಿನ ಕಾಲದಲ್ಲಿ, ಲವೀನಿಯಾ ಎಂಬಾಕೆ ಮಿಸೌರಿಯಿಂದ ಅದರಲ್ಲೇ ಬಂದಳಂತೆ. ಅವಳ ವಂಶಸ್ಥರನ್ನು ಬಿಟ್ಟು ಬೇರೆ ಯಾರೂ ಅದನ್ನು ಹತ್ತಬಾರದೆಂದು ನಿಯಮ. ಒಬ್ಬರೂ ಸಿಗದ ಕಾರಣ ಯಾರೂ ಹತ್ತಿರಲಿಲ್ಲ. ಹುಡುಕುವ ಕೆಲಸ ನನಗೆ ಅಂಟಿತ್ತು. ಆ ಪುಣ್ಯಾತ್ಗಿತ್ತಿ ಮೂರು ಮದುವೆಯಾಗಿ ಮೂರು ಸಲ ಹೆಸರು ಬದಲಿಸಿದ್ದಳು. ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು.

ಇದನ್ನು ಕೇಳಿ ಶರಣವ್ವ ನನ್ನನ್ನು ಕನಿಕರದಿಂದ ನೋಡಿದರು.

“ಗಂಡಂದಿರ ಮನಿ ಬಾಗಲಾ ಬಡದ್ರ ಏನ್ ಸಿಗತೈತಿ? ಆಕಿ ಚೊಚ್ಚಲ ಹೆರಿಗಿ ಎಲ್ಲಾತು ನೋಡ್ರಿ. ಅದೇ ಆಕಿ ತವರು.”

ಅಮೆರಿಕದವರಿಗೆ ಈ ಪದ್ಧತಿಯಿಲ್ಲ ಎಂದು ಸಿಡುಕಿದೆ. ಹೆರುವವಳಿಗೆ ತಾಯಿ ಬೇಡವೇ ಎಂದರು. ಸರಿ, ಶಾಲೆಯ ಮಕ್ಕಳಿಗೂ ಗೊತ್ತಿರುವುದನ್ನು ಹೇಳಿದೆ: ಹೆರಿಗೆಯಾದದ್ದು ಬರುವ ದಾರಿಯಲ್ಲಿ, ನೆವಾಡಾದ ಬಯಲಿನಲ್ಲಿ, ಅದೇ ಬಂಡಿಯಲ್ಲಿ. ಸೂಲಗಿತ್ತಿ ಯಾರು ಎಂದರು. ಅವಳ ತಾಯಿಯೇ, ಮನೆಮಠ ಬಿಟ್ಟು ಮಗಳ ಜೊತೆ ಹೊರಟವಳು ಎಂದೆ. ಬಂಡಿ ಯಾರದು ಎಂದರು. ಅಳಿಯನದು ಎಂದೆ.

ಅಳಿಯನ ಬಂಡಿಯೊಳಗ ಎಂದು ಶರಣವ್ವ ತಮಗೆ ತಾವೇ ಅಂದುಕೊಂಡು, ಮ್ಯೂಸಿಯಮ್ಮು ಯಾವ ದಿನ ತೆರೆದಿರುತ್ತದೆ ಎಂದು ಕೇಳಿದರು.

ಶನಿವಾರ ಮ್ಯೂಸಿಯಮ್ಮಿನಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಹಗ್ಗ ದಾಟಿ ತಾಯಿ-ಮಗಳು ಬಂಡಿ ಹತ್ತಿ ಕೂತಿದ್ದಾರೆ. ಶರಣವ್ವ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಹಸಿರು ಕುಬಸದ ಕಣದ ಬಟ್ಟೆ ಇಟ್ಟು ಮಾಧುರಿಯ ಉಡಿ ತುಂಬುತ್ತಿದ್ದಾರೆ. ಮಾಧುರಿ ನಾಚಿ ನೆಲ ನೋಡುತ್ತಿದ್ದಾಳೆ. ಮ್ಯೂಸಿಯಮ್ಮಿನ ಮೇಲ್ವಿಚಾರಕಿ ಓಡಿಬಂದು, ಇವರು ಯಾರು ಎಂದು ನನ್ನನ್ನೇ ಕೇಳಿದಳು.

ಲವೀನಿಯಾಳ ತಾಯಿಯ ಕಡೆಯವರು ಎಂದೆ. ಬಾಯಿಂದ ಬಂದುಬಿಟ್ಟಿತು.

ಮೇಲ್ವಿಚಾರಕಿಯ ಕಣ್ಣಲ್ಲಿ ನೀರು. ಕೊನೆಗೂ ಸಿಕ್ಕರಲ್ಲ ಎಂದು ಹಗ್ಗ ಬಿಚ್ಚಿದಳು, ಫೋಟೋ ಹೊಡೆದಳು, ಮಾಧುರಿಯ ಮೂಗು ಗೋಡೆಯ ಪಟದಲ್ಲಿರುವ ಲವೀನಿಯಾಳದ್ದೇ ಎಂದಳು. ಶರಣವ್ವ ಅವಳ ಕೈಗೂ ಒಂದು ಕೊಬ್ಬರಿ ಬಟ್ಟಲು ಕೊಟ್ಟು ತವರು ಯಾವುದೆಂದು ವಿಚಾರಿಸಿಕೊಂಡರು.

ಅಷ್ಟರಲ್ಲಿ ನಾಗವ್ವನ ಫೋನು. ಹೆರಿಗೆ ಎಲ್ಲಿ? ನಾನು ನೆಟ್‌ವರ್ಕಿನ ನೆಪ ಕೇಳಲು ಕಾದೆ. ಶರಣವ್ವ ಮಗಳ ಬೆನ್ನ ಮೇಲೆ ಕೈಯಿಟ್ಟು, ಬಂಡಿಯ ಹಲಗೆಗೆ ಒರಗಿ ಕೂತರು.

“ತವರಾಗನ ಆಗತೈತ್ರಿ,” ಎಂದರು. “ನಾ ಇಲ್ಲೇ ಅದೀನಲ್ಲ.”