ಉಳಿ ಹಿಡಿದ ಬೆರಳು

ನನ್ನದು ಮನುಷ್ಯರನ್ನು ಮಲಗಿಸುವ ವೃತ್ತಿ. ರಾಮನಗರದ ಆಸ್ಪತ್ರೆಯ ಬೋರ್ಡಿನಲ್ಲಿ ಅರಿವಳಿಕೆ ತಜ್ಞನೆಂದು ಬರೆದಿದ್ದರೂ ಜನ ಕರೆಯುವುದು ‘ನಿದ್ದೆ ಡಾಕ್ಟ್ರು’ ಎಂದೇ. ಬದುಕಿನ ಬಹುಪಾಲನ್ನು ನಿದ್ರಿಸುವವರ ಸಹವಾಸದಲ್ಲಿ ಕಳೆದವನು ನಾನು. ಅವರು ರಾಜಕೀಯ ಮಾತಾಡುವುದಿಲ್ಲ, ರೇಷ್ಮೆಗೂಡಿನ ರೇಟು ಕೇಳುವುದಿಲ್ಲ, ಮಗಳಿಗೊಂದು ಗಂಡಿದ್ದರೆ ಹೇಳಿ ಎನ್ನುವುದಿಲ್ಲ. ಇಂಥ ಸಜ್ಜನರ ನಡುವೆ ನಿವೃತ್ತಿಯವರೆಗೂ ಸುಖವಾಗಿರಬಹುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಅಲ್ಟ್ರಾಸೌಂಡ್ ಯಂತ್ರ ಬಂತು.

ಬಸುರಿಯರ ಹೊಟ್ಟೆ ನೋಡುವ ಯಂತ್ರದ ಜಾತಿಯದೇ. ಅದರಲ್ಲಿ ಕೈಕಾಲಿನ ನರವೂ ಕಾಣುತ್ತದೆ. ಸೂಜಿ ಹೋಗುವ ದಾರಿಯನ್ನು ಪರದೆಯ ಮೇಲೆ ನೋಡುತ್ತ, ಬೇಕಾದ ನರದ ಸುತ್ತ ಮಾತ್ರ ಮದ್ದು ಬಿಡಬಹುದು. ಅಷ್ಟು ಭಾಗ ಮರಗಟ್ಟುತ್ತದೆ, ರೋಗಿ ಎಚ್ಚರವಾಗಿಯೇ ಇರುತ್ತಾನೆ. ನಮ್ಮ ಕಾಲದಲ್ಲಿ ಚರ್ಮದ ಮೇಲೆ ಬೆರಳಿಟ್ಟು ಅಂದಾಜು ಕಟ್ಟಿ ಚುಚ್ಚಿ, ‘ಕರೆಂಟ್ ಹೊಡೆದಂಗಾಯ್ತಾ?’ ಎಂದು ಕೇಳುತ್ತಿದ್ದೆವು. ರೋಗಿ ಕಿರುಚಿದರೆ ನರ ಸಿಕ್ಕಿತೆಂದು ಅರ್ಥ. ಆ ವಿದ್ಯೆಯ ಬಗ್ಗೆ ನನಗೆ ಇವತ್ತಿಗೂ ಅಭಿಮಾನವಿದೆ. ರೋಗಿಗಳಿಗೆ ಆಗಲೂ ಇರಲಿಲ್ಲ.

ಎರಡು ವರ್ಷದ ಹಿಂದೆ ಚನ್ನಪಟ್ಟಣದ ಬೊಂಬೆ ಕೆಲಸಗಾರರೊಬ್ಬರು ಹೆಂಡತಿಯ ಜೊತೆ ಬಂದರು. ವಯಸ್ಸು ಐವತ್ತು ದಾಟಿತ್ತು. ಮರ ಕಡೆಯುವ ಲೇತಿನಲ್ಲಿ ಸುತ್ತುತ್ತಿದ್ದ, ಬೊಂಬೆಗೆ ಬಳಸುವ ಆಲೆ ಮರದ ತುಂಡು ಸಿಡಿದು ಅವರ ಬಲ ಅಂಗೈ ಸೀಳಿತ್ತು. ಗಾಯವೇನೋ ಮಾಯಿತು. ಆದರೆ ಒಳಗೆ ಬೆರಳೆಳೆಯುವ ಸ್ನಾಯುವಿನ ಹುರಿ ಗಾಯದ ಕಲೆಗೆ ಅಂಟಿಕೊಂಡು, ತೋರುಬೆರಳೂ ನಡುಬೆರಳೂ ಮಡಚದಾದವು. ಎಂಟು ತಿಂಗಳಿಂದ ಕೆಲಸ ನಿಂತಿತ್ತು. ಈ ಕೈ ಬರದಿದ್ದರೆ ಮುಂದೆಯೂ ಇಲ್ಲ.

ನಮ್ಮ ಸರ್ಜನ್ ನನ್ನ ಮಗಳ ವಯಸ್ಸಿನವಳು. ಅಂಟಿದ್ದನ್ನು ಬಿಡಿಸಬೇಕು, ಪೂರ್ತಿ ಬಿಟ್ಟಿದೆಯೇ ಎಂದು ತಿಳಿಯಲು ರೋಗಿಯೇ ಟೇಬಲ್ಲಿನ ಮೇಲೆ ಬೆರಳು ಮಡಚಿ ತೋರಿಸಬೇಕು ಎಂಬುದು ಅವಳ ಲೆಕ್ಕ. ಅಂದರೆ ಅಂಗೈ ಮರಗಟ್ಟಬೇಕು, ಬೆರಳನ್ನೆಳೆಯುವ ಮುಂಗೈ ಸ್ನಾಯು ಮಾತ್ರ ಎಚ್ಚರವಿರಬೇಕು. ಮದ್ದು ಮುಂಗೈ ನಡುವಿಗೆ ಬೀಳಬೇಕು. ಅದಕ್ಕಿಂತ ಮೇಲೆ ಬಿದ್ದರೆ ಆ ಸ್ನಾಯುವೂ ಮಲಗಿ ಕೆಲಸ ಕೆಟ್ಟಿತು.

‘ಪೂರ್ತಿ ಮಲಗಿಸ್ಬುಡಿ ಸಾರ್. ನನ್ ಕೈ ಕುಯ್ಯೋದ ನಾನ್ಯಾಕ್ ಕೇಳಿಸ್ಕೋಬೇಕು’ ಎಂದರು ಅವರು.

‘ನೀವು ಮಲಗಿದ್ರೆ ಬೆರಳು ಯಾರು ಮಡಚೋದು ಯಜಮಾನ್ರೇ?’

‘ಮೇಡಂ ಮಡಚ್ಲಿ.’

‘ಹಂಗಾರೆ ನಾಳಿಕೆ ಲೇತ್ ತಾವ ಮೇಡಮ್ಮೇ ಬಂದು ಕೂತ್ಕೋಬೇಕಾಯ್ತದೆ’ ಎಂದರು ಹೆಂಡತಿ. ಚರ್ಚೆ ಅಲ್ಲಿಗೆ ಮುಗಿಯಿತು.

ಥಿಯೇಟರಿನಲ್ಲಿ ಅವರು ಬಿಸ್ಮಿಲ್ಲಾ ಅಂದು ಕೈ ಚಾಚಿದರು. ಪರದೆಯಲ್ಲಿ ನರ ಕಂಡಿತು. ‘ಮರ ಅಡ್ಡ ಕುಯ್ದಂಗೈತಲ್ಲ’ ಎಂದು ಬೆರಗಾದರು. ಮದ್ದು ನರದ ಸುತ್ತ ಕಪ್ಪಾಗಿ ಹರಡಿತು, ಮುದ್ದೆಯ ಸುತ್ತ ಸಾರು ಬಿಟ್ಟಂತೆ. ಹೀಗೆ ಅಂಗೈಗೆ ಹೋಗುವ ಮೂರು ನರಕ್ಕೂ ಆಯಿತು. ಕಾಲು ಗಂಟೆ ಬಿಟ್ಟು ಅಂಗೈ ಚಿವುಟಿದರೆ, ‘ಯಾರ ಕೈ ಸಾರ್ ಇದು?’ ಎಂದರು.

ಅಡ್ಡ ಪರದೆ ಕಟ್ಟಿ ಸರ್ಜನ್ ಕೆಲಸ ಶುರುಮಾಡಿದಳು. ಇವರು ಮಾತು ಶುರುಮಾಡಿದರು. ಮಗಳನ್ನು ಮಾಗಡಿಗೆ ಕೊಟ್ಟಿದ್ದಾರೆ. ಅಲ್ಲಿಗೆ ರೈಲಿಲ್ಲ. ಬಸ್ಸಿನಲ್ಲಿ ಸೀಟಿಲ್ಲ. ಆ ರಸ್ತೆಯ ಒಂದೊಂದು ತಿರುವನ್ನೂ ಹಳ್ಳವನ್ನೂ ಮುಕ್ಕಾಲು ಗಂಟೆ ಕಾಲ ನನಗೆ ಪಾಠ ಒಪ್ಪಿಸಿದರು. ವಿಜ್ಞಾನದ ಪ್ರಗತಿಗೆ ಯಾರಾದರೂ ಬೆಲೆ ತೆರಲೇಬೇಕು.

‘ಯಜಮಾನ್ರೇ, ಈಗ ಕೆಲಸ ಮಾಡೋವಾಗ ಹೆಂಗೆ ಹಿಡೀತೀರೋ ಹಂಗೆ ಗಟ್ಟಿಯಾಗಿ ಹಿಡೀರಿ’ ಎಂದಳು ಸರ್ಜನ್.

ನಡುಬೆರಳು ಚಂದವಾಗಿ ಮಡಚಿ ಅಂಗೈ ಮುಟ್ಟಿತು. ತೋರುಬೆರಳು ಮಾತ್ರ ಮೇಷ್ಟರ ಕೋಲಿನಂತೆ ನೆಟ್ಟಗೆ ನಿಂತಿತು.

‘ಇನ್ನೂ ಗಟ್ಟಿಯಾಗಿ.’

ಅದು ಇನ್ನೂ ನೆಟ್ಟಗಾಯಿತು.

ಅವಳು ನನ್ನ ಕಡೆ ನೋಡಿದಳು. ‘ಇದು ಬಿಟ್ಟಿಲ್ಲ ಸರ್, ಇನ್ನೂ ಮೇಲಕ್ಕೆ ಕುಯ್ಯಬೇಕು ಅನ್ಸುತ್ತೆ. ಇಲ್ಲಾಂದ್ರೆ ಮದ್ದೇನಾದ್ರೂ...’ ಎಂದು ವಿನಯದಿಂದ ನಿಲ್ಲಿಸಿದಳು. ಉಳಿದರ್ಧ ನನಗೆ ಚೆನ್ನಾಗಿ ಕೇಳಿಸಿತು. ಇನ್ನಷ್ಟು ಕುಯ್ದರೆ ಇನ್ನಷ್ಟು ಕಲೆ, ಮತ್ತೆ ಅಂಟುವ ಭಯ. ತಪ್ಪು ನನ್ನದಾಗಿದ್ದರೆ ಅವರ ಕೈ ಸುಮ್ಮನೆ ಹೆಚ್ಚು ಸೀಳಿಸಿಕೊಳ್ಳುತ್ತದೆ. ನಾನು ಅವರ ಮುಖದ ಹತ್ತಿರ ಬಗ್ಗಿದೆ.

‘ಯಜಮಾನ್ರೇ, ಈಗ ಏನ್ ಹಿಡ್ಕೊಂಡಿದ್ದೀರಿ?’ ಎಂದು ಕೇಳಿದೆ.

‘ಉಳಿ ಸಾರ್. ಮೇಡಮ್ಮೇ ಯೋಳಿದ್ರಲ್ಲ.’

‘ತೋರುಬೆರಳು ಎಲ್ಲೈತೆ?’

‘ಉಳಿ ಬೆನ್ ಮ್ಯಾಲೈತೆ. ಇನ್ನೆಲ್ಲಿಕ್ತಾರೆ? ಅದ ಮಡಚ್ಕೊಂಡ್ರೆ ಉಳಿ ಎಲ್ಲೋಯ್ತದೆ ಅಂತ ಗೊತ್ತಾಗದಿಲ್ಲ ಸಾರ್.’

ಮೂವತ್ತೈದು ವರ್ಷ ಉಳಿಯ ಬೆನ್ನ ಮೇಲೆ ನೀಟಾಗಿ ಮಲಗಿದ್ದ ಬೆರಳು. ಗಟ್ಟಿಯಾಗಿ ಹಿಡಿ ಎಂದಷ್ಟೂ ಅದು ತನ್ನ ಕರ್ತವ್ಯವನ್ನು ಇನ್ನಷ್ಟು ನಿಷ್ಠೆಯಿಂದ ಮಾಡಿತ್ತು.

‘ಉಳಿ ಕೆಳಗಿಡಿ. ಮಾಗಡಿ ಬಸ್ ಹತ್ತಿ. ಸೀಟಿಲ್ಲ. ಕಂಬಿ ಹಿಡ್ಕೊಳ್ಳಿ.’

ನಾಲ್ಕು ಬೆರಳೂ ಒಟ್ಟಿಗೆ ಮಡಚಿದವು. ತೋರುಬೆರಳ ತುದಿ ಅಂಗೈಗೆ ಒತ್ತಿಕೊಂಡಿತು.

‘ಡ್ರೈವರ್ ಬ್ರೇಕ್ ಹಾಕ್ದ’ ಎಂದೆ. ಮುಷ್ಟಿ ಬಿಗಿಯಾಯಿತು. ಸರ್ಜನ್ ಮಾಸ್ಕಿನೊಳಗೇ ನಕ್ಕು ಹೊಲಿಗೆಗೆ ದಾರ ಕೇಳಿದಳು.

ಇಂಥ ಕೈ ಅಂದೇ ಆಡದಿದ್ದರೆ ಮತ್ತೆ ಅಂಟುತ್ತದೆ. ಹಿಂದೆಲ್ಲ ರೋಗಿ ನಿದ್ದೆಯಿಂದ ಎದ್ದೊಡನೆ ನೋವು ಅಮರಿಕೊಂಡು, ಕೈಯನ್ನು ಎದೆಗವಚಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಇವರಿಗೆ ಮದ್ದಿನ ಜೋರು ಸಂಜೆಯವರೆಗೂ ಇತ್ತು. ಅದು ಇಳಿಯುವ ಮೊದಲೇ ಮಾತ್ರೆ ಕೊಟ್ಟೆವು. ಗಂಟೆಗೆ ಹತ್ತು ಸಲ ಬೆರಳು ಮಡಚಬೇಕೆಂದು ಅಪ್ಪಣೆಯಾಗಿತ್ತು. ವಾರ್ಡಿಗೆ ಹೋದಾಗ ಹೆಂಡತಿ ಪಕ್ಕದಲ್ಲಿ ಕೂತು ಎಣಿಸುತ್ತಿದ್ದರು.

‘ಹತ್ತಾಯ್ತು’ ಎಂದರು ಇವರು.

‘ಎಂಟು. ನನ್ ಕಣ್ಣೇನ್ ಮರಗಟ್ಟಿಲ್ಲ.’

ಬೆಳಿಗ್ಗೆ ಕೇಳಿದರೆ ‘ನೋವು ಒಸಿ ಐತೆ ಸಾರ್’ ಎಂದರು. ಆದರೆ ಮಡಚುವುದನ್ನು ಬಿಟ್ಟಿರಲಿಲ್ಲ.

ಆರು ವಾರದ ಮೇಲೆ ತೋರಿಸಲು ಬಂದರು. ಆ ದಿನ ಒಪ್ಪಿಗೆ ಸಿಗುವವರೆಗೆ ಲೇತಿನ ಹತ್ತಿರ ಸುಳಿಯಕೂಡದು ಎಂದು ಸರ್ಜನ್ ಕಟ್ಟುನಿಟ್ಟಾಗಿ ಹೇಳಿದ್ದಳು. ಈಗ ಬೆರಳುಗಳನ್ನು ಮಡಚಿಸಿ, ಬಿಡಿಸಿ, ಕೈಯನ್ನು ಬೆಳಕಿಗೆ ಹಿಡಿದಳು. ತೋರುಬೆರಳಿನ ಉಗುರುಸಂದಿಯಲ್ಲಿ ಬೊಂಬೆಗೆ ಹಚ್ಚುವ ಅರಗಿನ ಕೆಂಪು ಬಣ್ಣ ಹತ್ತಿತ್ತು.

‘ಇದೇನಿದು?’

ಅವರು ಫ್ಯಾನು ನೋಡಿದರು.

‘ನೆನ್ನೆ ಬುಗುರಿ ಮಾಡವ್ರೆ ಮೇಡಂ, ನಾಕು’ ಎಂದರು ಹೆಂಡತಿ. ‘ಬ್ಯಾಡ ಅಂದ್ರೆ ಕೇಳ್ಬೇಕಲ್ಲ. ಮೂರು ಚೆಂದಾಗವೆ.’

ಸರ್ಜನ್ ನನ್ನತ್ತ ತಿರುಗಿದಳು. ಹಿರಿಯ ವೈದ್ಯನಾಗಿ ಗದರಬೇಕಾದ್ದು ನನ್ನ ಧರ್ಮವಾಗಿತ್ತು. ಕನ್ನಡಕ ತೆಗೆದು ಒರೆಸಿ, ಮುಖ ಬಿಗಿದುಕೊಂಡೆ.

‘ನಾಲ್ಕನೇದಕ್ಕೆ ಏನಾಯ್ತು?’ ಎಂದು ಕೇಳಿದೆ.