ಮೊಸಳೆಯ ಪಕ್ಕದ ಕೊಕ್ಕರೆ

ನೀನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ, ಇರಾ. ಈಗ ಬದುಕಿರುವ ಪ್ರಾಣಿಗಳಲ್ಲಿ ಮೊಸಳೆಗೆ ತೀರಾ ಹತ್ತಿರದ ಬಂಧು ಹಲ್ಲಿಯಲ್ಲ, ಹಕ್ಕಿ — ಈ ಮಾತನ್ನು ನಿನಗೆ ಹೇಳಿದವಳು ನಾನು. ಹೇಳಲೇ ಇಲ್ಲ ಎಂದು ಆಮೇಲೆ ಸುಳ್ಳಾಡಿದವಳೂ ನಾನೇ.

ಆಗ ನಾನು ನಿಮ್ಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಮಯೂರ್ ವಿಹಾರ್‌ನ ಒಂದೇ ಸೊಸೈಟಿ. ನಮ್ಮ ಮನೆ ಕೆಳಗೆ, ನಿಮ್ಮದು ಮೇಲೆ. ನಿನ್ನಮ್ಮ ಕಚೇರಿಯಿಂದ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಹಾಗಾಗಿ ಶಾಲೆ ಬಿಟ್ಟ ಮೇಲೆ ನೀನು ನಮ್ಮ ಮನೆಯವಳು — ನನ್ನ ಮೇಧಾಳ ಜೊತೆ ಉಂಡು, ಅವಳ ಜೊತೆ ಜಗಳವಾಡಿ, ಅವಳ ಹಾಸಿಗೆಯಲ್ಲೇ ನಿದ್ದೆ ಹೋಗುತ್ತಿದ್ದೆ. ಇಬ್ಬರೂ ಒಂಬತ್ತನೇ ಕ್ಲಾಸು. ಒಂದೇ ತಟ್ಟೆಯಿಂದ ಇಬ್ಬರಿಗೂ ಕಲಸಿ ಕೊಟ್ಟ ಕೈ ನನ್ನದು. ಇದನ್ನು ಹೇಳುವುದು ನನ್ನ ತೂಕ ಹೆಚ್ಚಿಸಿಕೊಳ್ಳಲು ಅಲ್ಲ. ನೀನು ನನ್ನನ್ನು ಎಷ್ಟು ನಂಬಿದ್ದೆ ಎಂಬುದು ನನಗೆ ಗೊತ್ತಿತ್ತು — ಅದಕ್ಕೆ.

ಆ ಚಳಿಗಾಲದ ಭಾನುವಾರ ನಿಮ್ಮಿಬ್ಬರನ್ನೂ ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಮಂಜು ಇನ್ನೂ ಕರಗಿರಲಿಲ್ಲ. ಕೊಳ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ತಿಳಿಯದ ಹಾಗೆ ಎಲ್ಲವೂ ಹಾಲಿನ ಬಣ್ಣ. ಮರಗಳ ತುದಿಯಲ್ಲಿ ಕೊಕ್ಕರೆಗಳು, ಯಾರೋ ಮರೆತು ಹೋದ ಬಟ್ಟೆಗಳಂತೆ. ಮೇಧಾ ಕಡಲೆಕಾಯಿ ಮಾರುವ ಭಯ್ಯಾನ ಹಿಂದೆ ಹೋಗಿದ್ದಳು. ನೀನು ಮೊಸಳೆಯ ಆವರಣದ ಕಂಬಿ ಹಿಡಿದು ನಿಂತಿದ್ದೆ. ಒಳಗೆ ದಡದ ಮೇಲೆ ಒಂದು ಮೊಸಳೆ, ಕಲ್ಲಿನಷ್ಟು ಸುಮ್ಮನೆ. ಎಲ್ಲಿಂದಲೋ ಒಂದು ಕೊಕ್ಕರೆ ಇಳಿದು ಅದರ ಪಕ್ಕದಲ್ಲೇ, ಮನೆಯವರ ಪಕ್ಕ ನಿಂತ ಹಾಗೆ, ನಿಂತಿತು.

"ಆಂಟಿ, ಇಸ್ಕೆ ಪೈರ್ ದೇಖೋ," ಎಂದೆ ನೀನು. "ಕೊಕ್ಕರೆ ಕಾಲಲ್ಲೂ ಮೊಸಳೆ ಥರಾನೇ ಸ್ಕೇಲ್ಸ್ ಇದೆ."

ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಅಂಥ ಸಂತೋಷ ನನಗೆ ಮತ್ತೆ ಆಗಲಿಲ್ಲ. ಹೇಳುತ್ತಾ ಹೋದೆ — ಎರಡರ ಹೃದಯಕ್ಕೂ ನಾಲ್ಕು ಕೋಣೆ, ಎರಡರ ಮರಿಗಳೂ ಮೊಟ್ಟೆಯೊಳಗಿಂದಲೇ ತಾಯಿಯನ್ನು ಕೂಗುತ್ತವೆ, ಹಲ್ಲಿಗಳ ಕವಲು ಇವೆರಡಕ್ಕಿಂತ ಬಹಳ ಹಿಂದೆಯೇ ಬೇರೆಯಾಯಿತು, ಹಕ್ಕಿ ಎಂದರೆ ಸರೀಸೃಪಗಳ ಮನೆಯಿಂದಲೇ ಹಾರಿದ್ದು.

"ಹಾಗಿದ್ರೆ ಬುಕ್ಕಲ್ಲಿ ಯಾಕೆ ಬೇರೆ ಬೇರೆ ಚಾಪ್ಟರ್?"

"ಪುಸ್ತಕ, ಪ್ರಾಣಿಗಳು ನೋಡೋಕೆ ಹೇಗಿವೆ ಅಂತ ಗುಂಪು ಮಾಡತ್ತೆ. ಯಾರಿಗೆ ಯಾರು ನೆಂಟರು ಅಂತ ಅಲ್ಲ."

ನಮ್ಮ ಬೆನ್ನುಮೂಳೆ ಮೊದಲು ಈಜಿದ್ದು ನೀರಿನಲ್ಲಿ ಎಂದೂ ಹೇಳಿದೆ. ಬಸ್ಸಿನಲ್ಲಿ ಮರಳುವಾಗ ನೀನು ಮೇಧಾಳ ಬೆನ್ನಿನ ಮೇಲೆ, ಸ್ವೆಟರಿನ ಹೊರಗಿನಿಂದಲೇ, ಒಂದೊಂದೇ ಮಣಿ ಮುಟ್ಟುತ್ತಾ "ಫಿಶ್... ಫಿಶ್... ಫಿಶ್..." ಎನ್ನುತ್ತಿದ್ದೆ. ಅವಳು ಕಚಗುಳಿಗೆ ನಗುತ್ತಿದ್ದಳು.

ಆಮೇಲೆ ಬಂತು ಶಾಲೆಯ ವಿಜ್ಞಾನ ಪ್ರದರ್ಶನ. ಮೊದಲು ಬಂದವರಿಗೆ ಬೇಸಿಗೆಯಲ್ಲಿ ಬೆಟ್ಟದ ಊರಿನ ವಿಜ್ಞಾನ ಶಿಬಿರ. ಇಬ್ಬರೂ ಬೆನ್ನೆಲುಬಿನ ಪ್ರಾಣಿಗಳನ್ನೇ ಆರಿಸಿಕೊಂಡಿರಿ. ಮೇಧಾ ಥರ್ಮಾಕೋಲಿನಲ್ಲಿ ಐದು ಚಂದದ ಪೆಟ್ಟಿಗೆ ಮಾಡಿದ್ದಳು — ಮೀನು, ಕಪ್ಪೆ, ಹಾವು, ಹಕ್ಕಿ, ಹಸು. ಅಂಟಿಸಿದ್ದರಲ್ಲಿ ಅರ್ಧ ನಾನೇ. ನೀನು ಹಳೆಯ ಬೆಡ್‌ಶೀಟಿನ ಮೇಲೆ ಒಂದು ಮರ ಬರೆದಿದ್ದೆ. ಬುಡದಲ್ಲಿ ದವಡೆಯಿಲ್ಲದ ಮೀನುಗಳು. ಮಾಂಸಲ ಈಜುರೆಕ್ಕೆಯ ಮೀನಿನ ಕೊಂಬೆಯಿಂದ ನೆಲಕ್ಕೆ ಹತ್ತಿದ ನಾಲ್ಕು ಕಾಲಿನವು. ಅಲ್ಲಿಂದ ಒಂದು ಕವಲು ಕೂದಲು ಮತ್ತು ಹಾಲಿನ ಕಡೆಗೆ, ಇನ್ನೊಂದು ಚಿಪ್ಪಿನ ಚರ್ಮದ ಕಡೆಗೆ. ಆ ಕವಲಿನ ಒಂದು ರೆಂಬೆಯ ತುದಿಯಲ್ಲಿ, ಒಂದೇ ತೊಟ್ಟಿನಲ್ಲಿ — ಮೊಸಳೆ ಮತ್ತು ಕೊಕ್ಕರೆ.

ತೀರ್ಪು ಕೊಡಲು ಹೊರಗಿನಿಂದ ಬಂದಿದ್ದ ಮೇಷ್ಟ್ರು ಭೌತಶಾಸ್ತ್ರದವರು. ನಿನ್ನ ಮರದ ಮುಂದೆ ತುಂಬಾ ಹೊತ್ತು ನಿಂತರು. ಮೊದಲ ಸ್ಥಾನ ಇದಕ್ಕೇ ಎಂದು ಅವರ ಮುಖ ನೋಡಿಯೇ ನನಗೆ ತಿಳಿಯಿತು. ಕೊಕ್ಕರೆಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು. "ಮೇಡಂ, ಇದು ನಿಮ್ಮ ವಿಷಯ. ಹಕ್ಕಿಯನ್ನು ಇಲ್ಲಿ ಇಟ್ಟಿದ್ದಾಳಲ್ಲ, ಸರಿಯೇ?"

ಮೇಧಾ ಆಚೆ ಬದಿಯಲ್ಲಿ ತನ್ನ ಪೆಟ್ಟಿಗೆಗಳ ಹಿಂದೆ ನಿಂತಿದ್ದಳು. ಅವಳ ಮುಖ — ಇಲ್ಲ, ಮೇಧಾಳ ಮುಖವನ್ನು ಇದರೊಳಗೆ ಎಳೆಯಬಾರದು. ಅವಳು ನನ್ನನ್ನು ಏನೂ ಕೇಳಿರಲಿಲ್ಲ.

"ಸರಿಯಲ್ಲ ಸರ್," ಎಂದೆ. "ಹಕ್ಕಿಗಳದು ಬೇರೆಯೇ ವರ್ಗ. ಹುಡುಗಿ ಗೊಂದಲ ಮಾಡಿಕೊಂಡಿದ್ದಾಳೆ."

ನೀನು ಅಲ್ಲೇ ನಿಂತು ಕೇಳಿದೆ. ಎಲ್ಲ ಮುಗಿದು ಬೆಡ್‌ಶೀಟು ಸುತ್ತಿಕೊಂಡು ಮೆಟ್ಟಿಲ ಹತ್ತಿರ ನನಗಾಗಿ ಕಾದಿದ್ದೆ.

"ಆದ್ರೆ ಆಂಟಿ... ಝೂನಲ್ಲಿ ನೀವೇ ಹೇಳಿದ್ರಲ್ಲಾ?"

ಆಗಲಾದರೂ — ಆಗಲಾದರೂ ಹೇಳಬಹುದಿತ್ತು. ಮೇಷ್ಟ್ರು ಇನ್ನೂ ಗೇಟಿನ ಬಳಿ ಇದ್ದರು.

"ನೀನು ಸರಿಯಾಗಿ ಕೇಳಿಸಿಕೊಂಡಿಲ್ಲ," ಎಂದೆ.

ನಿನ್ನ ಕಣ್ಣಲ್ಲಿ ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ನೀನು ಕಣ್ಣು ಕಿರಿದು ಮಾಡಿ ಏನೋ ನೆನಪು ಮಾಡಿಕೊಳ್ಳುವವಳಂತೆ ನಿಂತೆ, ಆಮೇಲೆ ತಲೆಯಾಡಿಸಿ, "ಅಚ್ಛಾ... ಸಾರಿ ಆಂಟಿ," ಎಂದೆ. ನಿನ್ನ ಕಿವಿಗಿಂತ ನನ್ನ ಮಾತನ್ನೇ ನಂಬಿಬಿಟ್ಟೆ.

ಅಂದು ಊಟಕ್ಕೆ ಕುಳಿತಾಗ ಮೇಧಾ ಕೇಳಿದಳು. "ಅಮ್ಮ, ಇರಾದೇ ಸಹೀ ಥಾ ನಾ? ಅವಳ ಮರಾನೇ ಸರಿ ಇತ್ತಲ್ವಾ?" ನಾನು ಅವಳ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ. ಅವಳು ಶಿಬಿರಕ್ಕೆ ಹೋಗಿ ಬಂದಳು. ಅಲ್ಲಿಯ ಒಂದು ಸುದ್ದಿಯನ್ನೂ ಹೇಳಲಿಲ್ಲ. ಹತ್ತನೇ ಕ್ಲಾಸು ಮುಗಿದ ಮೇಲೆ ನೀನು ಕಾಮರ್ಸ್ ತೆಗೆದುಕೊಳ್ಳುತ್ತೇನೆ ಎಂದಾಗ ನಿನ್ನಮ್ಮ ನನ್ನ ಹತ್ತಿರ ಬಂದು, "ನೀವಾದ್ರೂ ಬುದ್ಧಿ ಹೇಳಿ, ಸೈನ್ಸ್ ಅಂದ್ರೆ ಪ್ರಾಣ ಬಿಡ್ತಿದ್ದೋಳು," ಎಂದರು. ಮಕ್ಕಳ ಇಷ್ಟ ಎಂದು ಹೇಳಿ ಕಳಿಸಿದೆ.

ಹೋದ ತಿಂಗಳು ಫರೀದಾಬಾದಿನ ಆ ಮದುವೆಯಲ್ಲಿ ಎಷ್ಟೋ ವರ್ಷಗಳ ಮೇಲೆ ನೀನು ಸಿಕ್ಕೆ. ಈಗ ಜನಕಪುರಿಯಲ್ಲಿ ಮನೆ, ದೊಡ್ಡ ಕಂಪನಿಯಲ್ಲಿ ಕೆಲಸ, ಸೆರಗು ಹಿಡಿದು ಪುಟ್ಟ ತಾರಾ. ನಾನು ಬಯಾಲಜಿ ಟೀಚರ್ ಎಂದು ನೀನು ಹೇಳಿದ್ದೇ ಮಗು ಕೇಳಿತು: "ಅಜ್ಜಿ, ಚಿಡಿಯಾ ಡೈನೋಸಾರ್ ಹೋತೀ ಹೈ ಕ್ಯಾ? ಮಮ್ಮಾಗೆ ಗೊತ್ತಿಲ್ವಂತೆ."

ನೀನು ನಕ್ಕೆ. "ಅಜ್ಜೀನೇ ಕೇಳು ಪುಟ್ಟಾ. ನಾನು ಚಿಕ್ಕೋಳಿದ್ದಾಗ ಆಂಟಿ ಒಂದು ಹೇಳಿದ್ರೆ ಇನ್ನೊಂದು ಕೇಳಿಸ್ಕೊಳ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿ, ಅದೇ ನಗುವಿನಲ್ಲಿ, "ಈಗ್ಲೂ ಹಾಗೇ ಆಂಟಿ. ಮೀಟಿಂಗ್ ಮುಗಿದ ಮೇಲೆ ಪಕ್ಕದವರ ಹತ್ರ ಮತ್ತೆ ಕೇಳ್ಕೊಂಡೇ ಕೆಲ್ಸ ಶುರು ಮಾಡೋದು. ನನ್ನ ಕಿವಿ ಮೇಲೆ ನಂಗೇ ಭರೋಸಾ ಇಲ್ಲ."

ಹೌದು, ಹಕ್ಕಿ ಡೈನೋಸಾರೇ — ಎಂದು ತಾರಾಗೆ ಹೇಳಿದೆ. ಅಷ್ಟೇ ಹೇಳಿದೆ. ನೀನು "ಸಚ್ಚಿ?" ಎಂದು ಅಚ್ಚರಿಪಟ್ಟು ಮಗುವಿನ ಕೈ ಹಿಡಿದು ಊಟದ ಕಡೆ ಹೊರಟೆ.

ಅಂದಿನಿಂದ ಮಧ್ಯಾಹ್ನದ ಜೋಂಪಿನಲ್ಲಿ ಯಮುನೆಯ ಬಯಲು ಕಾಣುತ್ತದೆ. ಮಂಜು. ನೀರಿನಿಂದ ಒಂದೊಂದಾಗಿ ಎದ್ದು ಬರುತ್ತವೆ — ತೇವದ ಬೆನ್ನುಗಳು, ಚಿಪ್ಪಿನ ಬೆನ್ನುಗಳು, ಗರಿ, ಕೂದಲು. ನೂಕುನುಗ್ಗಲಿಲ್ಲ. ತಮ್ಮ ತಮ್ಮವರ ಪಕ್ಕ ಹೋಗಿ ನಿಲ್ಲುತ್ತವೆ, ಯಾರನ್ನೂ ಕೇಳದೆ. ನಾನು ದಡದಲ್ಲಿ ಎಲ್ಲೋ ಇದ್ದೇನೆ, ಯಾರ ಪಕ್ಕವೂ ಅಲ್ಲ. ಎಚ್ಚರವಾದಾಗ ಹೊರಗೆ ಮೆಟ್ರೋ ಹೋಗುವ ಸದ್ದು.

ನಿನ್ನಿಂದ ಕಸಿದದ್ದು ಶಿಬಿರವೊಂದನ್ನೇ ಎಂದು ಇಷ್ಟು ವರ್ಷ ನಂಬಿದ್ದೆ. ನಾನು ತಾಯಿಯಾಗಿದ್ದೆ ಎನ್ನುವುದು ಕಾರಣವಲ್ಲ. ನಿನಗೂ ಅರ್ಧ ತಾಯಿ ನಾನೇ ಆಗಿದ್ದೆ.

ಈ ಭಾನುವಾರ ಜನಕಪುರಿಗೆ ಬರುತ್ತೇನೆ. ಮೇಧಾಗೆ ಫೋನಿನಲ್ಲಿ ಹೇಳಿದಾಗ ಅವಳು "ಹೋಗಮ್ಮ," ಎಂದಳು. ತಾರಾಳೂ ಇರಲಿ, ಅವಳ ಅಮ್ಮನ ಬಗ್ಗೆ ಅವಳಿಗೂ ತಿಳಿಯಬೇಕು. ನನ್ನನ್ನು ನೋಡಿದ ಕೂಡಲೇ ಚಹಾಕ್ಕೆ ನೀರಿಡಬೇಡ, ಇರಾ. ಮೊದಲು ನಾನು ಹೇಳಿ ಮುಗಿಸುತ್ತೇನೆ. ಆಮೇಲೆ ಇಡುವುದೋ ಬೇಡವೋ, ನೀನೇ ನೋಡು.