ಎಡ ಸೀಟಿನ ಕೆಳಗಿನ ಸಬ್‌ವೂಫರ್

ನನಗೆ ಸಂಬಳ ಕೊಡುವುದೇ ಅನುಮಾನ ಪಡುವುದಕ್ಕೆ. ಆರೋಗ್ಯ ವಿಮೆಯ ಕ್ಲೇಮುಗಳಲ್ಲಿ ಯಾವುದು ನಿಜ, ಯಾವುದು ಬೊಗಳೆ ಎಂದು ಪತ್ತೆ ಹಚ್ಚುವ ಕೆಲಸ. ಆಸ್ಪತ್ರೆಗೆ ಹೋಗುತ್ತೇನೆ. ರೋಗಿಯನ್ನು ಒಂದು ಕಡೆ, ಮನೆಯವರನ್ನು ಇನ್ನೊಂದು ಕಡೆ ಕೂರಿಸಿ ಅದೇ ಪ್ರಶ್ನೆ ಕೇಳುತ್ತೇನೆ. ಬೇರೆ ಬೇರೆ ಕೂತ ಇಬ್ಬರು ಒಂದೇ ಮಾತು ಹೇಳಿ, ಮೂರನೆಯವನು ಮಾತ್ರ ಬೇರೆ ಹೇಳಿದರೆ ಸುಳ್ಳು ಮೂರನೆಯವನದು. ಇಪ್ಪತ್ತೈದು ವರ್ಷದಲ್ಲಿ ಈ ಸೂತ್ರ ನನ್ನ ಕೈಬಿಟ್ಟಿಲ್ಲ. ಇದನ್ನೇ ಮಾಡಿಕೊಂಡು ಬಂದವನು ಮನೆಗೆ ಬಂದ ತಕ್ಷಣ ಸಾಧುವಾಗಿಬಿಡಲು ಆಗುವುದಿಲ್ಲ. ಹಾಲಿನವನ ಅಳತೆಯ ಮೇಲೆ, ಸೊಸೈಟಿಯ ನೀರಿನ ಮೀಟರಿನ ಮೇಲೆ, ಹೆಂಡತಿ "ಈಗ ತಾನೇ ಇಟ್ಟೆ" ಎನ್ನುವ ಕುಕ್ಕರಿನ ಮೇಲೆ, ಎಲ್ಲದರ ಮೇಲೂ ನನಗೊಂದು ಕಣ್ಣು.

ತುಮಕೂರಿನಿಂದ ವರ್ಗವಾಗಿ ಅಹಮದಾಬಾದಿಗೆ ಬಂದಾಗ ಮಗಳು ಮೂರನೇ ಕ್ಲಾಸು. ನಡುವೆ ನನ್ನನ್ನು ವಡೋದರಾಕ್ಕೂ ಸೂರತ್ತಿಗೂ ಎತ್ತಿ ಹಾಕಿದರು, ಸಂಸಾರ ಮಾತ್ರ ಇಲ್ಲೇ ಸ್ಯಾಟಲೈಟ್ ಎಂಬ ಬಡಾವಣೆಯ ಫ್ಲ್ಯಾಟಿನಲ್ಲಿ ಉಳಿಯಿತು. ಮಗಳು ಗೆಳತಿಯರ ಜೊತೆ ಗುಜರಾತಿ, ಟೀಚರ ಜೊತೆ ಇಂಗ್ಲಿಷು, ಲಿಫ್ಟಿನಲ್ಲಿ ಹಿಂದಿ ಮಾತಾಡುತ್ತ ಬೆಳೆದಳು. ಅವಳ ಪಾಲಿಗೆ ಕನ್ನಡ ಉಳಿದದ್ದು ಅಡುಗೆಮನೆಯಲ್ಲಿ ಅಷ್ಟು, ನನ್ನ ಕಾರಿನಲ್ಲಿ ಇಷ್ಟು. ಬೆಳಿಗ್ಗೆ ಅವಳನ್ನು ನವರಂಗಪುರದ ಕಾಲೇಜಿಗೆ ಬಿಟ್ಟು ನಾನು ಆಫೀಸಿಗೆ ಹೋಗುತ್ತೇನೆ. ಸಿಗ್ನಲ್ಲುಗಳೂ ಸೇರಿ ಅರ್ಧ ಗಂಟೆಯ ದಾರಿ. ದಿನಕ್ಕೆ ನನ್ನ ಮಗಳು ನನಗೆ ಸಿಗುತ್ತಿದ್ದದ್ದು ಆ ಅರ್ಧ ಗಂಟೆ. ಅದಕ್ಕಾಗಿಯೇ ನಾನು ಬೆಳಿಗ್ಗೆ ಏಳುತ್ತಿದ್ದೆ ಎಂದರೂ ತಪ್ಪಿಲ್ಲ.

ಆ ಅರ್ಧ ಗಂಟೆ ಸುಮಾರು ಒಂದು ವರ್ಷದಿಂದ ನನ್ನ ಕೈ ತಪ್ಪುತ್ತಿತ್ತು. ಅವಳು ಕನ್ನಡವನ್ನು ಬಾಯಲ್ಲಿ ಕಡುಬು ಇಟ್ಟುಕೊಂಡವಳ ಹಾಗೆ ಆಡತೊಡಗಿದಳು. ಪದ ಶುರುವಾಗುವುದು ಗೊತ್ತಾಗುತ್ತಿತ್ತು, ಮುಗಿಯುವುದು ಗೊತ್ತಾಗುತ್ತಿರಲಿಲ್ಲ. "ಏನು? ಏನಂದೆ?" ಎಂದು ಎರಡು ಸಲ ಕೇಳುತ್ತಿದ್ದೆ. ಮೂರನೇ ಸಲಕ್ಕೆ ನನಗೆ ರೇಗುತ್ತಿತ್ತು. "ಕನ್ನಡ ಬರದಿದ್ರೆ ಹಿಂದೀಲೇ ಹೇಳಮ್ಮ," ಎನ್ನುತ್ತಿದ್ದೆ. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟು "ಹೂಂ, ಒಳ್ಳೇದಾಯ್ತು" ಎಂದು ತಲೆಯಾಡಿಸಿ ಮುಗಿಸುತ್ತಿದ್ದೆ. ಅವಳ ಮಾತು ಕಡಿಮೆಯಾಯಿತು. ಕೊನೆಗೆ ಅವಳು ಕಿಟಕಿ ನೋಡುತ್ತ ಕೂತರೆ ನಾನು ಹಾಡು ಹಾಕುತ್ತಿದ್ದೆ. ಮನೆಯಲ್ಲೂ ತಾಯಿ ಮಗಳು ಗುಸುಗುಸು ಮಾತಾಡುವುದು, ನಾನು ಹತ್ತಿರ ಬಂದರೆ ನಿಲ್ಲಿಸುವುದು ಕಣ್ಣಿಗೆ ಬಿತ್ತು. ಇಬ್ಬರೂ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನಾನು ಮನಸ್ಸಿನಲ್ಲೇ ರಿಪೋರ್ಟು ಬರೆದಿಟ್ಟೆ.

"ರೀ, ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ," ಎಂದು ಹೆಂಡತಿ ಅಂದಳು, ಒಂದಲ್ಲ, ಮೂರು ಸಲ. ಕಿವಿ ಡಾಕ್ಟರರು ಕೂರಿಸಿ ಗುಂಡಿ ಒತ್ತಿಸಿ ಕಿವಿಗೆ ಮೆಷೀನು ಮಾರುವುದನ್ನು ನಾನು ಎಷ್ಟು ಕ್ಲೇಮಿನಲ್ಲಿ ನೋಡಿಲ್ಲ! "ನನಗೇ ಟೋಪಿ ಹಾಕ್ಸೋಕೆ ಕಳಿಸ್ತೀಯಾ?" ಎಂದು ರೇಗಿದೆ. "ಹಾಗಾದ್ರೆ ನಿಮ್ದು ಜಾಣಕಿವುಡು ಬಿಡಿ," ಎಂದು ಅವಳು ಒಳಗೆ ಹೋದಳು.

ಹೀಗಿರುವಾಗ ಮಗಳು ಒಂದು ದಿನ ಕಾರಿನಲ್ಲಿ, ಹಿಂದಿಯಲ್ಲಿ, ಗಟ್ಟಿಯಾಗಿ, ಕಾರಿಗೆ ಗುಡುಗಿನಂಥ ಕೆಳಸದ್ದು ಕೊಡುವ ಒಂದು ಸಬ್‌ವೂಫರ್ ಹಾಕಿಸೋಣ ಎಂದಳು. ಹಾಡಿನಲ್ಲಿ ಜೀವವೇ ಇಲ್ಲ, ಸೆಟ್ಟು ಸಪ್ಪೆಯಾಗಿದೆ ಎಂದು ನಾನೇ ಅವಳ ಮುಂದೆ ಗೊಣಗುತ್ತಿದ್ದದ್ದು ನಿಜ. ಆದರೂ ನನ್ನ ತಲೆ ಬೇರೆ ಲೆಕ್ಕ ಹಾಕಿತು. ಕಾರಿನ ತುಂಬ ದಡದಡ ಸದ್ದಿದ್ದರೆ ಅಪ್ಪನ ಜೊತೆ ಮಾತಾಡುವ ಕಷ್ಟವೇ ಇಲ್ಲವಲ್ಲ! ಅಂದು ಆಫೀಸಿನಲ್ಲಿ ಕೂತು ನನಗೆ ನಿಜವಾಗಿ ಅಳು ಬಂತು. ಆದರೂ ಆಗಲಿ ಎಂದೆ. ಬೇಡ ಎಂದರೆ ಅವಳು ಆಟೋ ಹಿಡಿದು ಹೋಗಲು ಶುರುಮಾಡಿದರೆ ಎಂಬ ಹೆದರಿಕೆ.

ಆಗಲಿ ಎಂದ ಮೇಲೆ ನನ್ನ ತನಿಖೆ ಶುರುವಾಯಿತು. ನಮ್ಮದು ಸಣ್ಣ ಕಾರು, ಅದರ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕಾಲು ಚಾಚಿ ಮಲಗಿದೆ. ಊರಿಗೆ ಹೋಗುವಾಗ ಸೂಟ್‌ಕೇಸನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಜನ ನಾವು. ಅಲ್ಲಿ ಉಳಿದ ಗೇಣಗಲದ ಜಾಗದಲ್ಲಿ ಏನು ಹಿಡಿಸುತ್ತದೆ? ಆಫೀಸಿನ ಕೆಲಸಕ್ಕೆ ಹೋದ ಊರಿನಲ್ಲೆಲ್ಲ ಒಂದೊಂದು ಅಂಗಡಿಗೆ ನುಗ್ಗಿ ಅದೇ ಪ್ರಶ್ನೆ ಕೇಳಿದೆ. ಅಹಮದಾಬಾದಿನವನು ಎಂಟು ಇಂಚಿನ ಸ್ಪೀಕರನ್ನು ಸಣ್ಣ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ ಸಿಲಿಂಡರಿನ ಪಕ್ಕ ತುರುಕೋಣ ಎಂದ. ವಡೋದರಾದವನು ಸ್ಟೆಪ್ನಿ ತೆಗೆದುಬಿಡಿ, ಗಾಳಿಕಿಂಡಿ ಇರುವ ಪೆಟ್ಟಿಗೆಯಲ್ಲಿ ಹತ್ತು ಇಂಚಿನದನ್ನು ಇಡುತ್ತೇನೆ, ಸೀಟು ಅದುರಬೇಕು ಎಂದ. ಸೂರತ್ತಿನವನು ಇಬ್ಬರನ್ನೂ ಬೈದು, ಮುಂದಿನ ಸೀಟಿನ ಕೆಳಗೆ ನುಗ್ಗುವ ಚಪ್ಪಟೆ ಸಬ್‌ವೂಫರ್ ತೋರಿಸಿದ. ಮೂವರು ಸಾಕ್ಷಿಗಳು, ಮೂರು ಹೇಳಿಕೆ. ನನಗೆ ಹುರುಪೇ ಬಂತು.

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರ ವ್ಯಾಟ್, ಒಳಗಿನ ಚೀಟಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ನೂರೈವತ್ತು. ಕೇಳಿದರೆ, ಮೊದಲನೆಯದು ಒಂದು ಕ್ಷಣ ತಡೆದುಕೊಳ್ಳುವ ಶಕ್ತಿ, ಎರಡನೆಯದು ಎಡೆಬಿಡದೆ ನಡೆಸುವ ಶಕ್ತಿ ಎಂದು ಅಂಗಡಿಯವರು ನಗುತ್ತಾರೆ. ಹಾಗಾದರೆ ಎರಡನೆಯದನ್ನೇ ದಪ್ಪಗೆ ಬರೆಯಬಾರದೇ? ಪೆಟ್ಟಿಗೆಯ ವಿಷಯವೂ ಹೀಗೆಯೇ. ಒಂದೊಂದು ಸ್ಪೀಕರಿಗೂ ಇಂತಿಷ್ಟು ಲೀಟರ್ ಗಾಳಿ ಬೇಕು, ಕಡಿಮೆಯಾದರೆ ಸದ್ದು ಉಸಿರು ಕಟ್ಟಿದಂತಾಗುತ್ತದೆ, ಕಿಂಡಿ ಇರುವ ಪೆಟ್ಟಿಗೆಗೆ ಇನ್ನೂ ಹೆಚ್ಚು ಜಾಗ ಬೇಕು ಎಂದು ಓದಿ ತಿಳಿದುಕೊಂಡಿದ್ದೆ. ವಡೋದರಾದವನು ಹದಿನೆಂಟು ಲೀಟರ್ ಎಂದು ಆಣೆ ಮಾಡಿದ ಖಾಲಿ ಪೆಟ್ಟಿಗೆಯನ್ನು ನೋಡಿ ತರುತ್ತೇನೆಂದು ಮನೆಗೆ ಹೊತ್ತು ತಂದೆ. ಅಡುಗೆಮನೆಯ ಲೀಟರ್ ಪಾತ್ರೆಯಲ್ಲಿ ಅಳೆದು ಅಳೆದು ಕಡಲೆಪುರಿ ಸುರಿದೆ. ಹದಿಮೂರಕ್ಕೆ ತುಂಬಿ ಚೆಲ್ಲಿತು. ಭೂಪ ಹಲಗೆಯ ಹೊರಗಿನ ಅಳತೆ ಹೇಳಿದ್ದ! "ಪುರಿಯೆಲ್ಲ ಫೆವಿಕಾಲ್ ವಾಸನೆ ಹೊಡೀತಿದೆ," ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. ಮಗಳು ನಕ್ಕು ನಕ್ಕು ಸುಸ್ತಾದಳು. ಆ ನಗು ನನಗೆ ಪೂರ್ತಿ ಕೇಳಿಸಿತು, ಬಹಳ ದಿನದ ಮೇಲೆ.

ಆಮೇಲೆ ಸೂರತ್ತಿನವನ ಮಾತಿಗೇ ಬಂದೆ. ಎಂಟು ಇಂಚು, ಚಪ್ಪಟೆ, ತನ್ನದೇ ಆಂಪ್ಲಿಫೈಯರ್ ಹೊಟ್ಟೆಯಲ್ಲಿಟ್ಟುಕೊಂಡದ್ದು, ಸೀಟಿನ ಕೆಳಗೆ ಕೂರುವಂಥದ್ದು. ಅದೇ ಮಾಲು ನವರಂಗಪುರದ ಒಳರಸ್ತೆಯ ಇನ್ನೊಂದು ಅಂಗಡಿಯಲ್ಲಿ ಸಿಕ್ಕಿತು. ಒಂದು ಭಾನುವಾರ ಬೆಳಿಗ್ಗೆ ಮಗಳನ್ನೂ ಕರೆದುಕೊಂಡು ಹೋದೆ. ಮಾಲೀಕ ನನ್ನ ವಯಸ್ಸಿನವನು, ಹಣೆಯಲ್ಲಿ ಕುಂಕುಮ, ಕಿವಿಯ ಹಿಂದೆ ಟೆಸ್ಟರು. ಚಾ ಕೊಟ್ಟು ಸೀಟು ಸರಿಸಿ, ಅರ್ಧ ಗಂಟೆಯಲ್ಲಿ ವೈರು ಎಳೆದು ಎಡ ಸೀಟಿನ ಕೆಳಗೆ ಕೂರಿಸಿದ. ಹಾಡು ಹಾಕಿದಾಗ ಮೃದಂಗದ ಎಡಗೈ ಹೊಟ್ಟೆಗೇ ಬಂದು ತಟ್ಟಿತು. ಆದರೆ ಗೆಜ್ಜೆಯ ಸದ್ದು ಎಲ್ಲಿ? ತಾಳದ ಸದ್ದು ಎಲ್ಲಿ? ಹೊಸ ಮಾಲು ಚೆನ್ನಾಗಿದೆ ಅನಿಸಲೆಂದು ಇವನು ನಮ್ಮ ಕಾರಿನಲ್ಲಿ ಸಣ್ಣ ಸದ್ದುಗಳನ್ನು ನುಡಿಸುವ ಹಳೇ ಸ್ಪೀಕರು, ಆ ಟ್ವೀಟರುಗಳ ವೈರು ಕಿತ್ತಿದ್ದಾನೆ, ನಾಳೆ ಅದನ್ನೂ ಹೊಸದು ಮಾರುತ್ತಾನೆ ಎಂದು ನನಗೆ ಖಾತ್ರಿಯಾಯಿತು.

"ಟ್ವೀಟರ್ ಬಂದ್ ಹೈ," ಎಂದೆ.

"ಚಾಲೂ ಛೆ, ಸಾಹೇಬ್. ಬರಾಬರ್ ಛೆ," ನಡೀತಿದೆ, ಸರಿಯಾಗೇ ಇದೆ ಎಂದು ಅವನು ಗುಜರಾತಿಯಲ್ಲಿ ಎದೆ ಮುಟ್ಟಿಕೊಂಡ.

"ಬರ್ತಿದೆಯಲ್ಲ ಅಪ್ಪಾ," ಎಂದಳು ಮಗಳು.

ಇವಳೂ ಅವನ ಕಡೆ! ನನ್ನ ಪಿತ್ತ ನೆತ್ತಿಗೇರಿತು. ನಾನು ಸುಮ್ಮನೆ ಬಂದಿರಲಿಲ್ಲ. ತೀರ ಕೆಳಗಿನ ಗುಡುಗಿನಿಂದ ಶುರುವಾಗಿ ಮೇಲಿನ ಸಿಳ್ಳಿನವರೆಗೆ ಏರುತ್ತ ಹೋಗುವ ಒಂದು ಸದ್ದನ್ನು ಫೋನಿನಲ್ಲಿ ಇಳಿಸಿಕೊಂಡಿದ್ದೆ. ಇಬ್ಬರನ್ನೂ ನನ್ನ ಕ್ರಮದ ಪ್ರಕಾರ ಬೇರೆ ಮಾಡಿದೆ. ಮಗಳು ಹಿಂದಿನ ಸೀಟಿನಲ್ಲಿ, ಕಣ್ಣು ಮುಚ್ಚಿ. ಮಾಲೀಕ ಹೊರಗೆ, ತೆರೆದ ಬಾಗಿಲ ಹತ್ತಿರ, ರಸ್ತೆಯ ಕಡೆ ಮುಖ ಮಾಡಿ. ಸದ್ದು ಕೇಳುವಷ್ಟು ಹೊತ್ತು ಬೆರಳು ಎತ್ತಬೇಕು, ನಿಂತರೆ ಇಳಿಸಬೇಕು, ಯಾರೂ ಯಾರನ್ನೂ ನೋಡುವ ಹಾಗಿಲ್ಲ. ನಾನು ಡ್ರೈವರ್ ಸೀಟಿನಲ್ಲಿ ಕೂತು ಮಗಳನ್ನು ಕನ್ನಡಿಯಲ್ಲಿ, ಅವನನ್ನು ಬಾಗಿಲಲ್ಲಿ ನೋಡುತ್ತ, ಕಾರಿನ ಸೆಟ್ಟಿಗೆ ಜೋಡಿಸಿದ ಫೋನು ಒತ್ತಿದೆ.

ಗುಡುಗು ಬಂತು. ಸೀಟು ಗುಂಯ್ ಎಂದಿತು. ಸದ್ದು ಏರಿತು, ಏರಿತು, ಸಣ್ಣದಾಯಿತು, ನಿಂತಿತು. ಬೆರಳುಗಳು ಇಳಿಯಲಿಲ್ಲ. ಸಿಕ್ಕಿಬಿದ್ದರು ಎಂದುಕೊಂಡೆ. ನಿಂತ ಸದ್ದಿಗೆ ಬೆರಳು ಎತ್ತಿಕೊಂಡು ಕೂತಿದ್ದಾರಲ್ಲ! ಸುಳ್ಳನ್ನು ಪೂರ್ತಿ ಹೊರಗೆಳೆಯಲು ಅವರಿಗೆ ತಿಳಿಯದಂತೆ ಫೋನಿನಲ್ಲಿ ಸದ್ದನ್ನು ತಡೆದೆ. ಎರಡೂ ಬೆರಳು ಇಳಿದವು. ಮತ್ತೆ ಒತ್ತಿದೆ. ಎರಡೂ ಎದ್ದವು. ನನಗೆ ಏನೂ ಇಲ್ಲ, ಹೊರಗೆ ಹೋಗುವ ಆಟೋದ ಪಟಪಟ ಬಿಟ್ಟರೆ. ತಡೆದೆ, ಇಳಿದವು. ಒತ್ತಿದೆ, ಎದ್ದವು. ಮೋಸ ಮಾಡಲು ಅಲ್ಲಿ ಜಾಗವೇ ಇರಲಿಲ್ಲ, ಯಾಕೆಂದರೆ ಜಾಗವಿಲ್ಲದಂತೆ ಮಾಡಿದವನು ನಾನೇ. ಬೇರೆ ಬೇರೆ ಕೂತ ಇಬ್ಬರು ಒಂದೇ ಮಾತು ಹೇಳುತ್ತಿದ್ದರು. ಮೂರನೆಯವನು ನಾನು.

ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿ, ಫೋನಿನಲ್ಲಿ ಸದ್ದನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಒತ್ತಿದೆ. ನಡುವಿನ ಸದ್ದುಗಳೇ ಮಂಕಾಗಿದ್ದವು. ಎಡಗಿವಿ ಮುಚ್ಚಿ ಕೇಳಿದೆ. ಅದೇ ಸದ್ದು ಚೆನ್ನಾಗಿಯೇ ಬಂತು. ಹೋಗಿರುವುದು ಹೆಚ್ಚಾಗಿ ಎಡದ್ದು. ಕಾರಿನಲ್ಲಿ ಮಗಳು ಕೂರುವ ಕಡೆಯದು. ಒಂದು ವಾರದ ಮೇಲೆ ಡಾಕ್ಟರೂ ಇದನ್ನೇ ಹೇಳಿದರು, ನನಗೆ ಹೊಸದೇನೂ ಅನಿಸಲಿಲ್ಲ.

ಕಣ್ಣೆತ್ತಿದರೆ ಕನ್ನಡಿಯಲ್ಲಿ ಮಗಳು ಕಣ್ಣು ಬಿಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದಳು. ಮಾಲೀಕ ಇನ್ನೂ ಪಾಪ ಬೆರಳೆತ್ತಿಕೊಂಡು ರಸ್ತೆಗೆ ಮುಖ ಮಾಡಿ ನಿಂತಿದ್ದ. ಅವನನ್ನು ಕರೆದು, ಎಲ್ಲ ಬರಾಬರ್ ಛೆ ಎಂದೆ. ಅವನು ನನ್ನ ಮುಖ ನೋಡಿ ಇನ್ನೊಂದು ಚಾ ತರಲು ಒಳಗೆ ಹೋದ. ಅಷ್ಟು ದಿನ ಅವನಂಥ ಅಂಗಡಿಯವರನ್ನೆಲ್ಲ ಕಳ್ಳರೆಂದುಕೊಂಡು ಓಡಾಡಿದ್ದೆ, ನಾಚಿಕೆಯಾಯಿತು.

ಮಗಳು ಹಿಂದಿನಿಂದ ಬಂದು ನನ್ನ ಬಾಗಿಲ ಹತ್ತಿರ, ಬಲಗಡೆ, ನಿಂತಳು.

"ನಿಂಗೆ ಗೊತ್ತಿತ್ತಾ?" ಎಂದೆ.

"ಮಮ್ಮಿ ಹೇಳ್ತಿದ್ರು. ಕಿವಿ ಪ್ರಾಬ್ಲಮ್ ಅಂತ. ನಾನು ನಂಬ್ಲಿಲ್ಲ." ಅವಳು ಕಾರಿನ ಬಾಗಿಲನ್ನು ಉಗುರಿನಲ್ಲಿ ಕೆರೆಯುತ್ತಿದ್ದಳು. "ನನ್ನ ಕನ್ನಡ ಚೆನ್ನಾಗಿಲ್ಲ, ನಿಮಗೆ ಶರಮ್ ಆಗುತ್ತೆ, ಅದಕ್ಕೇ ಹಿಂದೀಲಿ ಹೇಳು ಅಂತೀರ ಅಂದ್ಕೊಂಡಿದ್ದೆ."

"ಮತ್ತೆ ಈ ಸಬ್‌ವೂಫರ್ ಯಾಕೆ ಕೇಳ್ದೆ?"

"ನೀವು ಹಾಡು ಜೋರು ಮಾಡಿ ಮಾಡಿ ಸಪ್ಪೆ ಸಪ್ಪೆ ಅಂತಿದ್ರಲ್ಲ. ಅದಾದ್ರೂ ನಿಮಗೆ ಸರಿಯಾಗಿ ಕೇಳ್ಲಿ ಅಂತ."

ಒಂದು ವರ್ಷ ನಾನು ಅವಳ ಮೇಲೆ ಕೇಸು ಕಟ್ಟುತ್ತಿದ್ದೆ. ಅವಳು ನನ್ನ ಮೇಲೆ ಒಂದು ಕಟ್ಟಿಕೊಂಡಿದ್ದಳು, ಅನುಮಾನ ಅವಳಿಗೂ ನನ್ನ ರಕ್ತದಿಂದಲೇ ಬಂದಿರಬೇಕು. ಕೀಲಿಕೈ ತೆಗೆದು ಅವಳ ಕೈಯಲ್ಲಿ ಇಟ್ಟೆ. ಲೈಸೆನ್ಸ್ ತೆಗೆದುಕೊಂಡು ಎರಡು ವರ್ಷವಾದರೂ ಅವಳಿಗೆ ನಾನು ಕಾರು ಕೊಟ್ಟಿರಲಿಲ್ಲ. ಲೈಸೆನ್ಸ್ ಕೊಡಿಸಿದ ಡ್ರೈವಿಂಗ್ ಸ್ಕೂಲಿನ ಮೇಲೂ ನನಗೆ ಗುಮಾನಿ ಇತ್ತು.

ಇಳಿದು ಸುತ್ತು ಹಾಕಿ ಎಡ ಸೀಟಿನಲ್ಲಿ, ಹೊಸ ಸಬ್‌ವೂಫರಿನ ಮೇಲೆ ಕೂತೆ. ನನ್ನ ಬಲಗಿವಿ ಈಗ ಅವಳ ಕಡೆ ಇತ್ತು. ಅವಳು ಕಾರು ತೆಗೆದಳು. ಮೊದಲ ಸಿಗ್ನಲ್ಲಿನವರೆಗೆ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅವಳು ಸೆಟ್ಟು ಆಫ್ ಮಾಡಿದಳು, ಕಿಟಕಿ ಏರಿಸಿದಳು.

"ನಂಗೆ ಕೇಳಿಸ್ದೆ ಹೋಗಿದ್ದು ಏನೇನಿದೆ, ಎಲ್ಲಾ ಹೇಳು. ಕನ್ನಡದಲ್ಲೇ ಹೇಳು," ಎಂದೆ.

"ಹೋದ ಸೆಮಿಸ್ಟರ್ ನಾನು ಒಂದು ಪೇಪರ್ ಫೇಲ್ ಆದೆ. ಮಮ್ಮಿಗೂ ಹೇಳೋ ಮುಂಚೆ ಕಾರಲ್ಲಿ ನಿಮಗೆ ಹೇಳಿದ್ದೆ. ನೀವು, ಹೂಂ, ಒಳ್ಳೇದಾಯ್ತು ಅಂದ್ರಿ."

ಒಂದಕ್ಷರವೂ ಬಿಡದೆ ಕೇಳಿಸಿತು. "ಆಮೇಲೆ?"

"ಮತ್ತೆ ಬರ್ದೆ. ಪಾಸಾದೆ. ಅದನ್ನೂ ಹೇಳ್ದೆ."

"ಆಗ ನಾನೇನಂದೆ?"

ಸಿಗ್ನಲ್ ಹಸಿರಾಯಿತು. ಅವಳು ಕನ್ನಡಿ ನೋಡಿ, ಗೇರು ಹಾಕಿ, ನಿಧಾನಕ್ಕೆ ಕ್ಲಚ್ಚು ಬಿಟ್ಟಳು.

"ಏನೂ ಅನ್ಲಿಲ್ಲ ಅಪ್ಪಾ. ಹಾಡು ಜೋರು ಮಾಡಿದ್ರಿ."